ಬೇಸಿಗೆಯ ಬೆಟ್ಟಕ್ಕೆ ತೆಳು ಜಾಕೆಟ್: ಘಟ್ಟದ ರೂಢಿ, ಸ್ಕಾಟ್ಲೆಂಡಿನ ರೂಢಿ

ನಮ್ಮ ಕಡೆ ಬೆಟ್ಟ ಹತ್ತುವವರು ಮಳೆಗೆ ತಯಾರಾಗಿ ಹೊರಡುತ್ತಾರೆ. ಸ್ಕಾಟ್ಲೆಂಡಿನವರು ಗಾಳಿಗೂ ತಮ್ಮದೇ ಬೆವರಿಗೂ ತಯಾರಾಗಿ ಹೊರಡುತ್ತಾರೆ. ಘಟ್ಟದಲ್ಲಾದರೆ ಮೈಮೇಲೆ ಟೀ ಶರ್ಟು, ಬ್ಯಾಗಿನೊಳಗೆ ರೇನ್‌ಕೋಟು. ಮಳೆ ಬಂದರೆ ಹಾಕು, ನಿಂತರೆ ತೆಗೆ. ಸ್ಕಾಟ್ಲೆಂಡಿನಲ್ಲಿ ಇವೆರಡರ ನಡುವೆ ಇನ್ನೊಂದು ಪದರ ಇರುತ್ತದೆ: ತೆಳುವಾದ ಸಾಫ್ಟ್ ಶೆಲ್ ಜಾಕೆಟ್. ಅಲ್ಲಿ ಬೇಸಿಗೆಯಾದ ಜುಲೈ ತಿಂಗಳಲ್ಲೂ ಬೆಳಿಗ್ಗೆ ಹಾಕಿಕೊಂಡದ್ದು ಸಂಜೆ ಕೆಳಗಿಳಿಯುವವರೆಗೆ ಮೈಮೇಲೇ ಇರುವುದುಂಟು. ಈ ಅಭ್ಯಾಸ ನಮ್ಮ ಚಾರಣಿಗರಿಗೂ ಬರಬೇಕು, ಆದರೆ ಋತು ನೋಡಿ ಬರಬೇಕು ಎಂಬುದು ನನ್ನ ಅನಿಸಿಕೆ.

ಮೊದಲು ಯಾವ ಜಾಕೆಟ್ಟು ಎಂಬುದು ಸ್ಪಷ್ಟವಾಗಲಿ. ಒಳಗೆ ಉಣ್ಣೆಯಂಥ ಫ್ಲೀಸ್, ನಡುವೆ ಗಾಳಿ ತಡೆಯುವ ಪೊರೆ ಅಂಟಿಸಿದ ದಪ್ಪ ಜಾಕೆಟ್ಟಿಗೂ ಸಾಫ್ಟ್ ಶೆಲ್ ಎಂದೇ ಚೀಟಿ ಇರುತ್ತದೆ. ಅದು ಬೈಕ್ ಮೇಲೆ ಕೂರುವವರಿಗೆ ಸರಿ, ಏರು ಹತ್ತುವವರಿಗೆ ಅಲ್ಲ. ಬೇಸಿಗೆಗೆ ಬೇಕಾದದ್ದು ಒಂದೇ ಪದರದ, ಒತ್ತಾಗಿ ನೇಯ್ದ ನೈಲಾನ್ ಬಟ್ಟೆ. ಎಳೆದರೆ ಹಿಗ್ಗುವಂತೆ ಅದರಲ್ಲಿ ಸ್ವಲ್ಪ ಎಲಾಸ್ಟೇನ್ ಸೇರಿರುತ್ತದೆ. ಹೊರಮೈಗೆ ನೀರು ಜಾರುವ ಲೇಪ ಇರುತ್ತದೆ, ಪೊರೆ ಇರುವುದಿಲ್ಲ. ಇಡೀ ಜಾಕೆಟ್ಟಿನ ತೂಕ 250ರಿಂದ 400 ಗ್ರಾಂ. ಚೀಟಿಯನ್ನು ನಂಬುವ ಬದಲು ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದು ಊದಿ ನೋಡಿ. ಉಸಿರು ತಡೆದು ತಡೆದು ಆಚೆ ದಾಟಿದರೆ ಅದೇ ಬೇಕಾದದ್ದು. ಒಂದಿಷ್ಟೂ ದಾಟದಿದ್ದರೆ ಒಳಗೆ ಪೊರೆ ಇದೆ. ಸರಾಗವಾಗಿ ದಾಟಿದರೆ ಶಿಖರದ ಗಾಳಿಯೂ ಹಾಗೆಯೇ ದಾಟುತ್ತದೆ.

ಗಾಳಿಯನ್ನು ಪೂರ್ತಿ ತಡೆದರೇ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಅಲ್ಲ. ಕಡಿದಾದ ಏರಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಸುಲಭವಾಗಿ ಸುರಿಯುತ್ತದೆ. ಅದು ಶರ್ಟಿನಲ್ಲೇ ಉಳಿದರೆ ಏರುವಾಗ ಏನೂ ಅನಿಸುವುದಿಲ್ಲ, ಶಿಖರದಲ್ಲಿ ನಿಂತ ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಶರ್ಟಿನಲ್ಲಿ 100 ಮಿಲಿಲೀಟರ್ ಬೆವರಿದ್ದರೆ 240 ಕಿಲೋಜೂಲ್. ಅದರ ಬಹುಪಾಲು ನಮ್ಮ ಮೈಯಿಂದಲೇ ಹೋಗುತ್ತದೆ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸಾಮಾನ್ಯವಾಗಿ ಆರೇಳು ಡಿಗ್ರಿ ಇಳಿಯುತ್ತದೆ. 10 ಡಿಗ್ರಿಯ ಹವೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಒಣ ಮುಖಕ್ಕೇ 7 ಡಿಗ್ರಿಯಂತೆ ಅನಿಸುತ್ತದೆ, ಒದ್ದೆ ಬೆನ್ನಿನ ಪಾಡು ಅದಕ್ಕಿಂತ ಕಷ್ಟ. ಸ್ಕಾಟ್ಲೆಂಡಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ ಬರೀ 1345 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ. ಆದರೆ ಹತ್ತುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದ, ಮೇಲೆ ಮರದ ಮರೆ ಇಲ್ಲ. ಹಾಗಾಗಿ ಗಾಳಿಯ ಪೆಟ್ಟನ್ನು ಮುರಿದು, ಬೆವರಿನ ಆವಿಯನ್ನು ಹೊರಗೆ ಬಿಡುವ ಬಟ್ಟೆಯೇ ಅಲ್ಲಿ ದಿನವಿಡೀ ಬೇಕಾಗುತ್ತದೆ.

ಉಸಿರಾಡುವ ರೇನ್‌ಕೋಟ್ ಎಂದು ಮಾರುವುದು ಘಟ್ಟದ ಮಳೆಗಾಲದಲ್ಲಿ ಉಸಿರಾಡುವುದೇ ಇಲ್ಲ ಎಂಬ ದೂರು ಸುಳ್ಳಲ್ಲ. ಪೊರೆಯೊಳಗಿಂದ ಆವಿಯನ್ನು ಹೊರಗೆ ದಬ್ಬುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡದ ವ್ಯತ್ಯಾಸ. ಜಾಕೆಟ್ಟಿನೊಳಗೆ 33 ಡಿಗ್ರಿ, ಪೂರ್ತಿ ತೇವ ಎಂದಿಟ್ಟುಕೊಂಡರೆ ಒತ್ತಡ ಸುಮಾರು 50 ಹೆಕ್ಟೋಪಾಸ್ಕಲ್. ಹೊರಗೆ 24 ಡಿಗ್ರಿ, ಶೇ. 95 ತೇವಾಂಶವಿದ್ದರೆ ಅಲ್ಲೂ 28 ಇರುತ್ತದೆ. ಉಳಿಯುವ ವ್ಯತ್ಯಾಸ 22. ಹೊರಗೆ 8 ಡಿಗ್ರಿ, ಶೇ. 90 ತೇವಾಂಶವಿದ್ದರೆ ಹೊರಗಿನ ಒತ್ತಡ 10ರ ಆಸುಪಾಸು, ವ್ಯತ್ಯಾಸ 40. ಅಂದರೆ ಅದೇ ರೇನ್‌ಕೋಟು ಕುದುರೆಮುಖದ ಜುಲೈನಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡುವ ಕೆಲಸದ ಅರ್ಧದಷ್ಟನ್ನು ಮಾತ್ರ ಮಾಡಬಲ್ಲದು. ಸಾಫ್ಟ್ ಶೆಲ್‌ಗೆ ಒಂದು ಅನುಕೂಲ ಹೆಚ್ಚು: ಆವಿಯ ಜೊತೆ ಗಾಳಿಯೇ ಬಟ್ಟೆಯಲ್ಲಿ ಹಾದುಹೋಗುತ್ತದೆ, ನಡೆದಾಡಿದಷ್ಟೂ ಒಳಗಿನ ತೇವ ಬದಲಾಗುತ್ತಿರುತ್ತದೆ.

ಹಾಗೆಂದು ಘಟ್ಟದ ಮಳೆಗಾಲಕ್ಕೆ ಇದನ್ನು ಒಯ್ಯಬೇಡಿ. ಇದರ ಹೊಲಿಗೆಗಳಿಗೆ ನೀರು ಒಳಬರದಂತೆ ಅಂಟಿಸುವ ಟೇಪ್ ಇರುವುದಿಲ್ಲ. ಬಿಡದೆ ಸುರಿಯುವ ಮಳೆಯಲ್ಲಿ ಮೊದಲು ಬ್ಯಾಗಿನ ಪಟ್ಟಿ ಒತ್ತುವ ಹೆಗಲು, ಆಮೇಲೆ ಮೊಣಕೈ ನೆನೆಯುತ್ತದೆ. ಅರ್ಧ ಗಂಟೆಯ ಜಿನುಗು ಮಳೆ, ಹಾದುಹೋಗುವ ಮಂಜು, ಇಷ್ಟಕ್ಕೆ ಸಾಕು. ಜಡಿಮಳೆಗೆ ಮೇಲೊಂದು ತೆಳು ರೇನ್ ಜಾಕೆಟ್ ಬೇಕೇ ಬೇಕು, ಸ್ಕಾಟ್ಲೆಂಡಿನಲ್ಲೂ ಅದಿಲ್ಲದೆ ಹೊರಡಬಾರದು. ಒಳಗಿನದು ಪೂರ್ತಿ ನೆನೆದ ಮೇಲೆ ಮೇಲಿನದನ್ನು ಹಾಕಿಕೊಳ್ಳುವವರು ಬಹಳ. ಹೆಗಲ ಮೇಲೆ ಹನಿ ಗುಂಡಗೆ ನಿಲ್ಲದೆ ಬಟ್ಟೆ ಕಪ್ಪಾಗತೊಡಗಿದ ಕ್ಷಣವೇ ಹಾಕಿಕೊಳ್ಳಬೇಕು.

ನಮ್ಮಲ್ಲಿ ಇದರ ಕಾಲ ಡಿಸೆಂಬರಿನಿಂದ ಫೆಬ್ರವರಿ. ನಸುಕಿನಲ್ಲಿ ಹೊರಟು ಕುಮಾರಪರ್ವತದ ಹುಲ್ಲುಬೋಳಿನಲ್ಲಿ ಗಾಳಿಗೆ ಎದುರಾಗಿ ನಡೆಯುವವರು ದಪ್ಪ ಸ್ವೆಟರ್ ಹಾಕಿ ಬೆವರುತ್ತಾರೆ, ತೆಗೆದು ನಡುಗುತ್ತಾರೆ. ಅಲ್ಲಿಗೆ ತೆಳು ಶರ್ಟಿನ ಮೇಲೆ ಇದೊಂದು ಪದರ ಸರಿಹೋಗುತ್ತದೆ. ಒಳಗಿನ ಶರ್ಟು ಹತ್ತಿಯದಾಗಿದ್ದರೆ ಮಾತ್ರ ಇಡೀ ಲೆಕ್ಕ ಕೆಡುತ್ತದೆ: ಹತ್ತಿ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಹೊರಗೆ ಎಂಥ ಬಟ್ಟೆ ಇದ್ದರೂ ಬೆನ್ನು ಒಣಗುವುದಿಲ್ಲ. ಲಂಟಾನದ ಮುಳ್ಳಿಗೂ ಒತ್ತಾದ ನೈಲಾನ್ ತಕ್ಕಮಟ್ಟಿಗೆ ತಡೆಯುತ್ತದೆ. ನೂರು ಗ್ರಾಂ ತೂಗುವ ಗಾಳಿ ಜಾಕೆಟ್ಟು ಅದೇ ಪೊದೆಯಲ್ಲಿ ಸೀಳಿಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಇದೇ ಒತ್ತು ನೇಯ್ಗೆ ಗಾಳಿ ಸತ್ತ ಸಂಜೆಗಳಲ್ಲಿ ಮುತ್ತುವ, ಮಿಜ್ ಎಂಬ ಕಚ್ಚುವ ಪುಟ್ಟ ನೊಣಗಳನ್ನು ತಡೆಯುತ್ತದೆ.

ಬಂಡೆ ಹತ್ತುವವರು ಬಟ್ಟೆಯಷ್ಟೇ ಹೊಲಿಗೆಯನ್ನೂ ನೋಡಬೇಕು. ರಾಮನಗರದ ಬಿಸಿ ಗ್ರಾನೈಟ್ ಮೇಲೆ ಜಾಕೆಟ್ಟಿನ ಮಾತೇ ಬರುವುದಿಲ್ಲ. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕುಲಿನ್ ಬೆಟ್ಟಸಾಲಿನ ಗ್ಯಾಬ್ರೋ ಶಿಲೆ ಅರದಷ್ಟು ಒರಟು, ಮೊಣಕೈ ಊರಿದಲ್ಲೆಲ್ಲ ಬಟ್ಟೆ ಸವೆಯುತ್ತದೆ. ಹಾರ್ನೆಸ್ (ಹಗ್ಗ ಬಿಗಿಯಲು ಸೊಂಟಕ್ಕೆ ತೊಡುವ ಪಟ್ಟಿ) ಕಟ್ಟಿ ಎರಡೂ ಕೈ ತಲೆಯ ಮೇಲೆ ಚಾಚಿ. ಜಾಕೆಟ್ಟಿನ ಅಂಚು ಹಾರ್ನೆಸ್ಸಿನಿಂದ ಕಿತ್ತು ಬಂದರೆ ಕಂಕುಳ ಕೆಳಗೆ ಹೆಚ್ಚುವರಿ ತುಂಡು ಹೊಲಿದಿಲ್ಲವೆಂದೇ ಅರ್ಥ, ಅದು ಬೇಡ. ಜೇಬು ಎದೆಯ ಎತ್ತರದಲ್ಲಿರಬೇಕು, ಕೆಳಗಿದ್ದರೆ ಹಾರ್ನೆಸ್ಸೂ ಬ್ಯಾಗಿನ ಸೊಂಟಪಟ್ಟಿಯೂ ಮುಚ್ಚಿಬಿಡುತ್ತವೆ. ಹುಡ್ ಹೆಲ್ಮೆಟ್ಟಿನ ಮೇಲೆ ಬಂದಾಗ ಕತ್ತು ತಿರುಗಿಸಿದರೆ ಅದೂ ಜೊತೆಗೆ ತಿರುಗಬೇಕು. ಕೆಳಗಿನಿಂದಲೂ ತೆರೆಯುವ ಜಿಪ್ ಇದ್ದರೆ ಬಿಲೇ ಮಾಡುವಾಗ, ಅಂದರೆ ಹತ್ತುವವರ ಹಗ್ಗ ಹಿಡಿದು ಕಾಯುವಾಗ, ಹಗ್ಗದ ಗಂಟು ಕಾಣುತ್ತದೆ.

ಒಳ್ಳೆಯ ಜಾಕೆಟ್ ಕೆಡುವುದು ಬೆಟ್ಟದಲ್ಲಿ ಕಡಿಮೆ, ಒಗೆಯುವಲ್ಲಿ ಹೆಚ್ಚು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ನೂಲಿನ ಮೇಲೆ ನೀರು ಎಳೆಯುವ ಪದರ ಕೂರುತ್ತದೆ, ಲೇಪ ಸತ್ತಂತೆಯೇ. ಒಗೆಯದೇ ಬಿಟ್ಟರೂ ತಪ್ಪು. ಈಗ ಬರುವ ಲೇಪಗಳಲ್ಲಿ ಹೆಚ್ಚಿನವು ಫ್ಲೋರಿನ್ ಇಲ್ಲದವು. ಫ್ರಾನ್ಸ್ 2026ರ ಜನವರಿಯಿಂದ ಸಾಮಾನ್ಯ ಉಡುಪುಗಳಲ್ಲಿ ಫ್ಲೋರಿನ್ ಲೇಪವನ್ನು ನಿಷೇಧಿಸಿದೆ. ಪರಿಸರಕ್ಕೆ ಇದು ಬೇಕಾಗಿತ್ತು. ಆದರೆ ಹೊಸ ಲೇಪ ನೀರನ್ನು ತಳ್ಳುತ್ತದೆ, ಎಣ್ಣೆಯನ್ನು ತಳ್ಳುವುದಿಲ್ಲ. ಬೆವರಿನ ಜಿಡ್ಡು, ಸನ್‌ಸ್ಕ್ರೀನ್ ಕೂತ ಕಾಲರು ಬೇಗ ನೆನೆಯುತ್ತದೆ, ಆದ್ದರಿಂದ ಮೊದಲಿಗಿಂತ ಹೆಚ್ಚು ಸಲ ಒಗೆಯಬೇಕು. ಜಿಪ್ ಮುಚ್ಚಿ, 30 ಡಿಗ್ರಿ ನೀರಿನಲ್ಲಿ, ಇಂಥ ಬಟ್ಟೆಗೆಂದೇ ಇರುವ ದ್ರವ ಸೋಪಿನಲ್ಲಿ ಒಗೆದು ಎರಡು ಸಲ ಜಾಲಿಸಿ. ಒಣಗಿದ ಮೇಲೆ, ಚೀಟಿಯಲ್ಲಿ ಅನುಮತಿ ಇದ್ದರೆ, ಡ್ರೈಯರಿನಲ್ಲಿ ಕಡಿಮೆ ಶಾಖಕ್ಕೆ ಇಪ್ಪತ್ತು ನಿಮಿಷ ಇಡಿ. ಡ್ರೈಯರ್ ಇಲ್ಲದಿದ್ದರೆ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಶಾಖದ ಇಸ್ತ್ರಿ ಎಳೆಯಿರಿ. ಶಾಖಕ್ಕೆ ಲೇಪ ಮತ್ತೆ ಎದ್ದು ನಿಲ್ಲುತ್ತದೆ. ಆಮೇಲೆ ಹೆಗಲ ಮೇಲೆ ನಾಲ್ಕು ಹನಿ ಚಿಮುಕಿಸಿ. ಇಂಗಿಹೋದರೆ ಹೊಸ ಲೇಪವನ್ನು ಹೆಗಲು, ಹುಡ್, ಮುಂಗೈಗೆ ಮಾತ್ರ ಸಿಂಪಡಿಸಿದರೆ ಸಾಕು. ಬೆನ್ನಿಗೆ ಬೇಡ, ಅದು ಹೇಗೂ ಬ್ಯಾಗಿನ ಅಡಿಯಲ್ಲೇ ಇರುತ್ತದೆ.