ಸುಮ್ಮನೆ ಕೂತು ಬರೋಣ

ಬಳ್ಳಾರಿಯಿಂದ ಆನೆಗೊಂದಿಗೆ ಹೊರಡುವ ಮೊದಲೇ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದೆ: ಅಲ್ಲಿ ಏನನ್ನೂ ನೋಡುವಂತಿಲ್ಲ. ಗಗನ ಮಹಲ್ ಇಲ್ಲ, ರಂಗನಾಥನ ಗುಡಿ ಇಲ್ಲ, ಅಂಜನಾದ್ರಿಯ ಮೆಟ್ಟಿಲಂತೂ ಬೇಡವೇ ಬೇಡ. ಹೊಳೆಯ ದಂಡೆಯಲ್ಲಿ ಸುಮ್ಮನೆ ಕೂತು, ಸಂಜೆಗೆ ವಾಪಸ್. ಕಂಪ್ಲಿ ಸೇತುವೆ ದಾಟುವವರೆಗೂ ಆ ಮಾತು ಗಟ್ಟಿಯಾಗಿಯೇ ಇತ್ತು. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಈ ಸೇತುವೆ ಮುಳುಗುತ್ತದೆ. ಅವತ್ತೂ ಮುಳುಗಬಾರದಿತ್ತೇ ಎಂದು ಆಮೇಲೆ ಅನ್ನಿಸಿತು.

ನೆರಳಿರುವ ಬಂಡೆಯೊಂದನ್ನು ಹಿಡಿದು ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಪೊಟ್ಟಣ ಬಿಚ್ಚಿದೆ. ಎಣ್ಣೆ ಇಳಿದ ಪತ್ರಿಕೆಯ ಹಾಳೆಯಲ್ಲಿ ಯಾವುದೋ ಟೆಂಡರ್ ಪ್ರಕಟಣೆ ಇತ್ತು. ಷರತ್ತುಗಳ ಸಮೇತ ಅದನ್ನೂ ಓದಿದೆ. ಅಷ್ಟು ಬಿಡುವಾಗಿದ್ದೆ.

"ಸರ್, ತೆಪ್ಪದಲ್ಲಿ ಒಂದು ಸುತ್ತು?"

ಬೇಡ ಎಂದಿದ್ದರೆ ಮುಗಿಯುತ್ತಿತ್ತು. "ಅದು ತೆಪ್ಪವಲ್ಲಪ್ಪಾ, ಹರಿಗೋಲು" ಎಂದೆ. ತೆಪ್ಪವೆಂದರೆ ದಿಮ್ಮಿಗಳನ್ನು ಸೇರಿಸಿ ಕಟ್ಟಿದ್ದು, ಚಪ್ಪಟೆ. ಇದು ಬಿದಿರಿನ ದುಂಡು ಬುಟ್ಟಿ. ಹಿಂದೆ ಹೊರಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇದೇ ಹೊಳೆಯಲ್ಲಿ ಇದನ್ನು ಕಂಡ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ಆದರೆ ನೆಟ್ಟಗೆ ಹೋಗಲು ಬಾರದೆ ಸದಾ ಸುತ್ತುತ್ತಿರುತ್ತದೆ ಎಂದು ಬರೆದಿಟ್ಟ. ಸಮುದ್ರ ದಾಟಿ ಬಂದವನ ಕಣ್ಣಿಗೆ ಸುತ್ತುವುದು ಐಬಾಗಿ ಕಂಡಿರಬೇಕು. ಐನೂರು ವರ್ಷದ ಮೇಲೆ ನಾವು ಆ ಐಬಿಗೇ ದುಡ್ಡು ಕೊಟ್ಟು, ವಿಡಿಯೊ ಮಾಡಿ, ಊರಿಗೆಲ್ಲ ಕಳಿಸುತ್ತೇವೆ. ಹೊಳೆಯನ್ನು ನೋಡುವವರು ಯಾರೂ ಇಲ್ಲ.

ಇಷ್ಟನ್ನೂ ಅಂಬಿಗನಿಗೆ ಹೇಳಿದೆ. ಹುಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಆತ ಪೂರ್ತಿ ಕೇಳಿಸಿಕೊಂಡ. "ಹೌದು ಸರ್, ಹರಿಗೋಲೇ. ಹಾಗೆಂದರೆ ಬೆಂಗಳೂರಿನವರಿಗೆ ತಿಳಿಯುವುದಿಲ್ಲ. ಹತ್ತಿ."

ಹೆಂಡತಿ ಆಗಲೇ ಹತ್ತಿ ಕೂತಿದ್ದಳು. ಇಷ್ಟು ಉಪನ್ಯಾಸ ಕೊಟ್ಟವನು ದಂಡೆಯಲ್ಲಿ ಉಳಿದರೆ ಮರ್ಯಾದೆ ಉಳಿಯುವುದಿಲ್ಲ. ನಡುನೀರಿಗೆ ಹೋದಮೇಲೆ ಆತ ಹುಟ್ಟನ್ನು ಒಂದೇ ಕಡೆ ಎಳೆಯತೊಡಗಿದ. ಬಂಡೆ, ಬಾಳೆತೋಟ, ಹೆಂಡತಿಯ ಮೊಬೈಲ್, ಬಂಡೆ, ಬಾಳೆತೋಟ, ಮೊಬೈಲ್. ನಾಲ್ಕನೆಯ ಸುತ್ತಿಗೆ ಬಂಡೆ ಯಾವುದು, ಬಾಳೆ ಯಾವುದು ತಿಳಿಯದಾಯಿತು. ಮಿರ್ಚಿ ಗಂಟಲಿನವರೆಗೆ ಬಂದು, ಪುಣ್ಯಕ್ಕೆ, ಅಲ್ಲೇ ನಿಂತಿತು. ಆ ವಿಡಿಯೊ ಈಗ ನೆಂಟರೆಲ್ಲರ ಬಳಿ ಇದೆ. ಅದರಲ್ಲಿ ನಾನು ಬುಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಕೂಗುತ್ತಿದ್ದೇನೆ. ದೇವರ ಹೆಸರೆಂದು ಅತ್ತೆಯವರು ತಿಳಿದಿದ್ದಾರೆ. "ಸಾಕು ನಿಲ್ಲಿಸಯ್ಯಾ" ಎಂದಿದ್ದೆ, ಅಷ್ಟೇ.

ದಂಡೆಗೆ ಮರಳಿದಾಗ ನನ್ನ ಬಂಡೆಯ ಮೇಲೆ ಕೋತಿಯೊಂದು ಕೂತಿತ್ತು. ಮಿರ್ಚಿ ಮುಗಿಸಿ, ತೊಟ್ಟುಗಳನ್ನು ಬದಿಗಿಟ್ಟು, ಟೆಂಡರ್ ಪ್ರಕಟಣೆಯನ್ನು ನಿಧಾನವಾಗಿ ನೆಕ್ಕುತ್ತಿತ್ತು.