ಒಂದೇ ಗಾಡಿಗೆ ಮೂರು ಟಿಕೆಟ್

ನಮ್ಮ ಮನೆಯ ಕಪಾಟಿನಲ್ಲಿ ಜಾನ್ ಫೋರ್ಡ್ ನಿರ್ದೇಶಿಸಿದ ಹಳೆ ಕೌಬಾಯ್ ಸಿನಿಮಾ ‘ಸ್ಟೇಜ್‌ಕೋಚ್’ ಮೂರು ಇವೆ. ಒಂದು ವಿಎಚ್‌ಎಸ್ ಕ್ಯಾಸೆಟ್ಟು, ಒಂದು ಡಿವಿಡಿ, ಒಂದು ಬ್ಲೂ-ರೇ. ಮೂರರಲ್ಲೂ ಅದೇ ಕುದುರೆಗಾಡಿ, ಅದೇ ಧೂಳು, ಅದೇ 96 ನಿಮಿಷ. ಮೂರನೆಯದನ್ನು ತಂದ ದಿನ ಹೆಂಡತಿ ಕೇಳಿದಳು, “ರೀ, ಇದು ನಮ್ಮಲ್ಲಿ ಇತ್ತಲ್ವಾ?”

“ಇತ್ತು. ಆದ್ರೆ ಇದು ಬೇರೆ.”

“ಕಥೆ ಬೇರೆನಾ?”

“ಇಲ್ಲ, ಕಥೆ ಅದೇ.”

ಅವಳು ಮುಂದೇನೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಈ ಹುಚ್ಚು ಹತ್ತಿದ್ದು ಅಮೆರಿಕದ ಫೀನಿಕ್ಸ್‌ಗೆ ಬಂದ ಹೊಸದರಲ್ಲಿ. ಪಕ್ಕದ ಬೀದಿಯಲ್ಲಿ ಗ್ಯಾರೇಜ್ ಸೇಲ್ ಇತ್ತು. ತೀರಿಹೋದ ಅಜ್ಜನೊಬ್ಬನ ಸಾಮಾನನ್ನು ಮಗಳು ಮಾರುತ್ತಿದ್ದಳು. ಟೋಸ್ಟರ್, ಗಾಲ್ಫ್ ಕೋಲು, ಅದರ ಪಕ್ಕ ಒಂದು ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್ಟು. ಎಲ್ಲ ಕೌಬಾಯ್ ಸಿನಿಮಾ. ಡಬ್ಬಿಗೆ ಒಂದು ಡಾಲರ್ ಅಂದಳು. ನಾನು ಐದು ಕೊಟ್ಟು ಚಿಲ್ಲರೆ ಬೇಡ ಅಂದೆ, ನಮ್ಮೂರಲ್ಲಾಗಿದ್ದರೆ ಅರ್ಧಕ್ಕೆ ಕೇಳುತ್ತಿದ್ದೆ.

ಅರ್ಧದಷ್ಟು ಕ್ಯಾಸೆಟ್ಟು ಟಿವಿಯಿಂದ ರೆಕಾರ್ಡ್ ಮಾಡಿಕೊಂಡವು. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಸಿನಿಮಾ ಹೆಸರು, ಇಸವಿ, ಕೆಳಗೆ ‘ಅಳಿಸಬೇಡಿ’ ಅಂತ ಎರಡು ಗೆರೆ ಎಳೆದ ಎಚ್ಚರಿಕೆ. ಅಷ್ಟಕ್ಕೂ ನಂಬಿಕೆ ಸಾಲದೆ ಅಜ್ಜ ಪ್ರತಿ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಎಸಳನ್ನು ಮುರಿದು ಹಾಕಿದ್ದ. ಅದು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ನಮ್ಮ ಮನೆಯ ಆಡಿಯೋ ಕ್ಯಾಸೆಟ್ಟಿಗೂ ಅಣ್ಣ ಹಾಗೇ ಮಾಡುತ್ತಿದ್ದ. ನಾನು ಆ ತೂತಿಗೆ ಕಾಗದ ತುರುಕಿ ಮೇಲೆ ಇನ್ನೇನೋ ಧ್ವನಿಮುದ್ರಿಸುತ್ತಿದ್ದೆ. ಅಜ್ಜನ ಮನೆಯಲ್ಲೂ ನನ್ನಂಥವನೊಬ್ಬ ಇದ್ದಿರಬೇಕು.

ಬೀಜ ಬಿದ್ದದ್ದು ಅದಕ್ಕೂ ಮುಂಚೆ ಬಿಡಿ. ‘ಮೆಕೆನ್ನಾಸ್ ಗೋಲ್ಡ್’ 1969ರದ್ದು. ಅಮೆರಿಕದವರು ಅದನ್ನು ಮರೆತೇಬಿಟ್ಟಿದ್ದಾರೆ, ಭಾರತದಲ್ಲಿ ಅದು ವರ್ಷಾನುಗಟ್ಟಲೆ ಮತ್ತೆ ಮತ್ತೆ ಬಿಡುಗಡೆಯಾಯಿತು. ನಮ್ಮೂರ ಟಾಕೀಸಿಗೂ ಬಂತು. ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ ಬಂಗಾರ ಅಂದರೆ ಎಲ್ಲರಿಗೂ ತಿಳಿಯುತ್ತೆ. ನನಗೆ ತಿಳಿಯದೆ ಇದ್ದದ್ದು ಒಂದೇ. ಇವರು ‘ಇಂಡಿಯನ್ಸ್’ ಅಂತ ಹೊಡೆಯುತ್ತಿರುವುದು ನಮ್ಮನ್ನೇ ಅಲ್ವಾ? ಅಪ್ಪನನ್ನು ಕೇಳಿದೆ. “ಅವರು ಬೇರೆ ಇಂಡಿಯನ್ಸು, ಸುಮ್ನೆ ನೋಡು” ಅಂದರು. ಆ ಬೇರೆ ಇಂಡಿಯನ್ನರ ನೆಲಕ್ಕೆ ಆಮೇಲೆ ಹೋಗಿದ್ದೇನೆ. ಮಾನ್ಯುಮೆಂಟ್ ವ್ಯಾಲಿ ಇರುವುದು ಅರಿಜೋನಾ ಮತ್ತು ಯೂಟಾ ಗಡಿಯಲ್ಲಿ, ನವಾಹೋ ಜನರ ನೆಲದಲ್ಲಿ. ಜಾನ್ ಫೋರ್ಡ್ ಅಲ್ಲೇ 1956ರ ‘ದಿ ಸರ್ಚರ್ಸ್’ ತೆಗೆದ. ಕಥೆ ಟೆಕ್ಸಾಸಿನದು, ಬಂಡೆ ಇಲ್ಲಿಯದು. ಪರದೆ ಮೇಲೆ ಕೊಮಾಂಚಿ ಬುಡಕಟ್ಟಿನವರಾಗಿ ಬರುವವರಲ್ಲಿ ಹೆಚ್ಚಿನವರು ನವಾಹೋಗಳು. ಈಗ ಅಲ್ಲಿನ ಒಂದು ಜಾಗಕ್ಕೆ ‘ಜಾನ್ ಫೋರ್ಡ್ ಪಾಯಿಂಟ್’ ಅಂತಲೇ ಹೆಸರು. ಅಲ್ಲಿ ಕುದುರೆ ಹತ್ತಿ ಫೋಟೋ ತೆಗೆಸಿಕೊಳ್ಳಲು ದುಡ್ಡು ಕೊಡಬೇಕು. ನಾನೂ ಕೊಟ್ಟೆ. ಆ ಫೋಟೋ ಯಾರಿಗೂ ತೋರಿಸುವುದಿಲ್ಲ.

ಕ್ಯಾಸೆಟ್ಟಿನಲ್ಲಿ ನೋಡಿದ್ದೆಲ್ಲ ಪೂರ್ತಿ ಸಿನಿಮಾ ಅಲ್ಲ ಅಂತ ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಪರದೆ ಅಗಲ, ಹಳೆ ಟಿವಿ ಚೌಕ. ಹಾಗಾಗಿ ಎರಡೂ ಪಕ್ಕ ಕತ್ತರಿಸಿ ನಡುವಿನದ್ದನ್ನು ಮಾತ್ರ ತೋರಿಸುತ್ತಿದ್ದರು. ಇಬ್ಬರು ಎದುರುಬದುರು ನಿಂತು ಮಾತಾಡಿದರೆ ಇಬ್ಬರ ಮೂಗು ಮಾತ್ರ ಕಾಣುತ್ತಿತ್ತು. 1962ರ ‘ಹೌ ದ ವೆಸ್ಟ್ ವಾಸ್ ವನ್’ಗಂತೂ ಮೂರು ಫಿಲ್ಮು ಒಟ್ಟಿಗೆ ಓಡಿಸಿ ಚಿತ್ರ ತೆಗೆದಿದ್ದರು. ಥಿಯೇಟರಿನಲ್ಲಿ ಮೂರು ಪ್ರೊಜೆಕ್ಟರ್, ಬಾಗಿದ ದೊಡ್ಡ ಪರದೆ. ಮೂರೂ ಸೇರುವ ಕಡೆ ಎರಡು ಉದ್ದ ಗೆರೆ. ಸೀರೆಗೆ ಹೊಲಿಗೆ ಹಾಕಿದ ಹಾಗೆ. ಬ್ಲೂ-ರೇ ಮಾಡುವಾಗ ಆ ಗೆರೆಗಳನ್ನು ಕಂಪ್ಯೂಟರಿನಲ್ಲಿ ಹೆಚ್ಚುಕಮ್ಮಿ ಅಳಿಸಿದರು. ಒಳ್ಳೆಯದೇ. ಆದರೆ ನಾನೀಗ ಸಿನಿಮಾ ಬಿಟ್ಟು ಆ ಗೆರೆ ಎಲ್ಲಿತ್ತು ಅಂತ ಹುಡುಕುತ್ತಾ ಕೂರುತ್ತೇನೆ.

ಅಗ್ಗದ ಡಿಸ್ಕುಗಳದ್ದು ಬೇರೆ ಕಥೆ. ಅಮೆರಿಕದ ಹಳೆ ಕಾನೂನಿನಲ್ಲಿ ಸಿನಿಮಾದ ಹಕ್ಕನ್ನು 28 ವರ್ಷಕ್ಕೆ ನವೀಕರಿಸಬೇಕಿತ್ತು. ಮರೆತರೆ ಹೋಯಿತು. ಯಾರು ಬೇಕಾದರೂ ಡಿಸ್ಕು ಮಾಡಿ ಮಾರಬಹುದು. ಮರ್ಲನ್ ಬ್ರಾಂಡೋ ನಿರ್ದೇಶಿಸಿದ ಒಂದೇ ಒಂದು ಸಿನಿಮಾ, 1961ರ ‘ಒನ್-ಐಡ್ ಜಾಕ್ಸ್’, ಹೀಗೆ ಬೀದಿಪಾಲಾಯಿತು. ನನ್ನ ಹತ್ತಿರ ಅದರ ಡಾಲರ್ ಬುಟ್ಟಿಯ ಡಿಸ್ಕು ಇದೆ. ಸಮುದ್ರ ತೋರಿಸಿದರೆ ಮಳೆಗಾಲದ ಗದ್ದೆ ಅನ್ನಿಸುತ್ತೆ. 2016ರಲ್ಲಿ ರಿಪೇರಿಯಾಗಿ ಬ್ಲೂ-ರೇ ಬಂದಾಗಲೇ ಅದು ನೀಲಿ ಅಂತ ತಿಳಿದದ್ದು. ಅದಕ್ಕೂ ದುಡ್ಡು ಕೊಟ್ಟೆ. ಸಮುದ್ರ ನೀಲಿ ಅಂತ ತಿಳಿಯೋದಕ್ಕೆ.

ಒಮ್ಮೆ ಊರಿಗೆ ಹೋಗುವಾಗ ಚಿಕ್ಕಪ್ಪನ ಮಗನಿಗೆ ಅಂತ ನಾಲ್ಕು ಡಿವಿಡಿ ಒಯ್ದೆ. ಅವನ ಪ್ಲೇಯರ್ ಮುಟ್ಟಲಿಲ್ಲ. ಡಿವಿಡಿಗೆ ದೇಶವಾರು ಬೀಗ ಇರುತ್ತೆ. ಅಮೆರಿಕ ರೀಜನ್ 1, ಭಾರತ ರೀಜನ್ 5. “ಮನುಷ್ಯರಿಗೆ ಸರಿ, ತಟ್ಟೆಗೂ ವೀಸಾ ಬೇಕಾ?” ಅಂದ ಅವನು. ನಾಲ್ಕನ್ನೂ ವಾಪಸ್ ತಂದೆ.

ಹೋದ ವರ್ಷ ಅಪ್ಪ ಬಂದು ಐದು ತಿಂಗಳು ಇದ್ದರು. ಹೊನ್ನಾವರದ ಕಡೆಯವರು, ಮನೆಯಲ್ಲಿ ಸುಮ್ಮನೆ ಕೂತು ಅಭ್ಯಾಸವಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಒಂದೊಂದು ಸಿನಿಮಾ ನೋಡುತ್ತಿದ್ದೆವು. ರಾಂಡಾಲ್ಫ್ ಸ್ಕಾಟ್ ಅನ್ನೋ ನಟನ ಸಿನಿಮಾಗಳು ಅಪ್ಪನಿಗೆ ಹಿಡಿಸಿದವು, ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತವೆ. ಬಡ್ ಬೆಟಿಕರ್ ನಿರ್ದೇಶನ, ಕ್ಯಾಲಿಫೋರ್ನಿಯಾದ ಅಲಬಾಮಾ ಹಿಲ್ಸ್ ಅನ್ನೋ ಗುಂಡುಬಂಡೆಗಳ ಗುಡ್ಡ. ಮೂರನೇ ದಿನ ಅಪ್ಪ ಅಂದರು, “ಈ ಬಂಡೆ ನಿನ್ನೆನೂ ಇತ್ತಲ್ಲ ಮಾರಾಯ?”

ಇತ್ತು. ಬಂಡೆ ಅದೇ, ಟೋಪಿ ಅದೇ, ಒಂಟಿಯಾಗಿ ಬಂದು ಲೆಕ್ಕ ಚುಕ್ತಾ ಮಾಡಿ ಒಂಟಿಯಾಗಿ ಹೋಗುವವನೂ ಅದೇ. ಬೇಜಾರಾಯ್ತೇನೋ ಅಂತ ಕೇಳಿದೆ.

“ಗದಾಯುದ್ಧ ನೋಡ್ಲಿಕ್ಕೆ ಹೋಗುವವ ಭೀಮ ಗೆಲ್ತಾನೋ ಇಲ್ವೋ ಅಂತ ನೋಡ್ಲಿಕ್ಕೆ ಹೋಗ್ತಾನಾ?”

ಅಷ್ಟು ವರ್ಷ ಹೆಂಡತಿಗೆ ಕೊಡಲಾಗದ ಉತ್ತರ ಅದು. ಅಪ್ಪ ಒಂದೇ ಪ್ರಸಂಗವನ್ನು ನೂರು ಸಲ ನೋಡಿದವರು. ಇವತ್ತು ವೇಷ ಯಾರದ್ದು, ಪ್ರವೇಶ ಹೇಗೆ ಕೊಟ್ಟ, ಭಾಗವತರ ಸ್ವರ ಹೇಗಿತ್ತು, ಅವರಿಗೆ ಬೇಕಾದ್ದು ಅಷ್ಟೇ.

ಹಾಗಾದರೆ ಒಂದು ಪ್ರವೇಶ ತೋರಿಸ್ತೀನಿ ಅಂತ ‘ಸ್ಟೇಜ್‌ಕೋಚ್’ ಬ್ಲೂ-ರೇ ಹಾಕಿದೆ. ಗಾಡಿ ಓಡುತ್ತಾ ಇದೆ, ಗುಂಡಿನ ಸದ್ದು, ಗಾಡಿ ನಿಲ್ಲುತ್ತೆ. ದಾರಿಯಲ್ಲಿ ಜಾನ್ ವೇಯ್ನ್ ನಿಂತಿದ್ದಾನೆ. ಕೌಬಾಯ್ ಹೌದು, ಆದರೆ ಕುದುರೆ ಇಲ್ಲ. ಅದಕ್ಕೆ ಕಾಲು ಕುಂಟಾಗಿದೆ. ಒಂದು ಕೈಯಲ್ಲಿ ಜೀನು, ಇನ್ನೊಂದರಲ್ಲಿ ಬಂದೂಕು. ಬಂದೂಕನ್ನು ಒಂದು ಸುತ್ತು ತಿರುಗಿಸುತ್ತಾನೆ, ಕ್ಯಾಮೆರಾ ಅವನ ಮುಖದತ್ತ ನುಗ್ಗುತ್ತೆ. ಹತ್ತು ವರ್ಷ ಅಗ್ಗದ ಸಿನಿಮಾಗಳಲ್ಲಿ ಅಲೆದವನು ಆ ಒಂದು ಶಾಟಿನಲ್ಲಿ ದೊಡ್ಡ ಹೀರೋ ಆದ.

ಕ್ಯಾಮೆರಾ ನುಗ್ಗುವಾಗ ನಡುವೆ ಒಂದು ಕ್ಷಣ ಮುಖ ಮಸುಕಾಗುತ್ತೆ. ಕ್ಯಾಸೆಟ್ಟಿನಲ್ಲಿ ನೋಡಿದಾಗ ಟೇಪು ಹಳತಾಗಿದೆ ಅಂದುಕೊಂಡು ವಿಸಿಆರ್ ಹೆಡ್ಡು ಒರೆಸಿದ್ದೆ. ಡಿವಿಡಿಯಲ್ಲೂ ಮಸುಕೇ. ಡಿಸ್ಕು ಸರಿಯಿಲ್ಲ ಅಂದೆ. ಈ ಸಿನಿಮಾದ ಮೂಲ ನೆಗೆಟಿವ್ ಈಗ ಇಲ್ಲ. ಬ್ಲೂ-ರೇ ಮಾಡಿದ್ದು 1942ರ ಒಂದು ನಕಲಿನಿಂದ, ಅಲ್ಲಲ್ಲಿ ಗೀರುಗಳಿವೆ. ಅಷ್ಟಾದರೂ ಟೋಪಿಯ ಅಂಚು, ಕೊರಳಿನ ಕರವಸ್ತ್ರದ ನೆರಿಗೆ ಎಲ್ಲ ಸ್ಪಷ್ಟ. ಆ ಒಂದು ಕ್ಷಣ ಮಾತ್ರ ಮಸುಕು. ತಪ್ಪು ಟೇಪಿನದ್ದೂ ಅಲ್ಲ, ಡಿಸ್ಕಿನದ್ದೂ ಅಲ್ಲ. ಶೂಟಿಂಗ್ ದಿನವೇ ನಾಯಕನ ಮೇಲೆ ಕ್ಯಾಮೆರಾದವನ ಫೋಕಸ್ ತಪ್ಪಿತ್ತು. ಫೋರ್ಡ್ ಅದನ್ನು ಹಾಗೇ ಇಟ್ಟುಕೊಂಡಿದ್ದಾನೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. “ಹಿಂದೆ ಮಾಡು” ಅಂದರು. ನೋಡಿದರು. “ಇನ್ನೊಂದ್ಸಲ.” ಮತ್ತೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ.

“ಇದಕ್ಕಿಂತ ಚಂದದ ಡಿಸ್ಕು ಬಂದ್ರೆ ಆ ಮಸುಕು ಇನ್ನೂ ಸರಿಯಾಗಿ ಕಾಣ್ತದಾ?”

“ಕಾಣ್ಬಹುದು” ಅಂದೆ. ಮೆಲ್ಲಗೆ ಅಂದೆ, ಹೆಂಡತಿ ಪಕ್ಕದ ಕೋಣೆಯಲ್ಲೇ ಇದ್ದಳು.