ದುಡ್ಡು ಕೊಟ್ಟು ಸಿಡಿ ಕೊಂಡವರ ಮೇಲೇ ಯಾಕೆ ಅನುಮಾನ?

"ಒರಿಜಿನಲ್ ತಗೊಂಡ್ಬಿಡಿ, ಯಾವ ತಲೆನೋವೂ ಇರಲ್ಲ" ಅಂತ ಮೊನ್ನೆ ಗೆಳೆಯನೊಬ್ಬ ಹೇಳಿದ. ನಾನೂ ಒರಿಜಿನಲ್ಲೇ ಕೊಳ್ಳುವವನು. ಹಾಡಿದವರಿಗೆ, ನುಡಿಸಿದವರಿಗೆ ನಾಲ್ಕು ಕಾಸು ಸೇರಲಿ ಅನ್ನೋ ಆಸೆ ನನಗೂ ಇದೆ. ಆದರೆ ತಲೆನೋವು ಇರಲ್ಲ ಅನ್ನೋ ಮಾತನ್ನು ಮಾತ್ರ ಒಪ್ಪೋಕಾಗಲ್ಲ. 2005ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಜನ ಪೂರ್ತಿ ಬೆಲೆ ಕೊಟ್ಟು ಹಾಡಿನ ಸಿಡಿ ಮನೆಗೆ ತಂದರು. ಕಾಪಿ ಆಗದಿರಲಿ ಅಂತ ಕಂಪನಿ ಹಾಕಿದ್ದ ಡಿಜಿಟಲ್ ಬೀಗದಿಂದ ತಲೆನೋವು ಬಂದಿದ್ದು ಅವರಿಗೇ. ಅದೇ ಹಾಡುಗಳನ್ನು ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡವರಿಗೆ ಈ ಬೀಗದ ಬಿಸಿ ತಟ್ಟಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಅದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಸೋನಿ ಬಿಎಂಜಿ ಅನ್ನೋ ಸಂಗೀತ ಕಂಪನಿಯ ರೂಟ್‌ಕಿಟ್ ಹಗರಣದ ಬಗ್ಗೆ ಹೇಳ್ತಿದ್ದೀನಿ. ಇಪ್ಪತ್ತು ವರ್ಷದ ಹಿಂದಿನ ಕಥೆ, ಈಗ್ಯಾಕೆ ಅನ್ನಬೇಡಿ. ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಏನು ಹಕ್ಕಿದೆ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಮಾರ್ಕ್ ರಸಿನೋವಿಚ್ ಅಂತ ವಿಂಡೋಸ್ ಪರಿಣತರೊಬ್ಬರಿದ್ದಾರೆ. ಸಿಸ್ಟಂ ಅಡ್ಮಿನ್ ಕೆಲಸ ಮಾಡಿದವರು ಅವರ ಸಿಸ್‌ಇಂಟರ್ನಲ್ಸ್ ಟೂಲ್‌ಗಳನ್ನು ಒಮ್ಮೆಯಾದರೂ ಬಳಸಿರ್ತಾರೆ. ರೂಟ್‌ಕಿಟ್ ಪತ್ತೆ ಮಾಡುವ ಟೂಲೊಂದನ್ನು ಅವರು ತಮ್ಮದೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಿದ್ದರು. ರೂಟ್‌ಕಿಟ್ ಅಂದರೆ ವಿಂಡೋಸ್‌ನ ಒಳಹೊಕ್ಕು, ಇರುವ ಫೈಲನ್ನೇ ಇಲ್ಲ ಅಂತ ತೋರಿಸುವ ತಂತ್ರ. ವೈರಸ್ ಬರೆಯೋರು ಬಳಸುವಂಥದ್ದು. ಅಂಥದ್ದೊಂದು ತಮ್ಮ ಕಂಪ್ಯೂಟರಿನಲ್ಲೇ ಕೂತಿರೋದು ಅವರಿಗೆ ಕಂಡಿತು. ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಫಸ್ಟ್ 4 ಇಂಟರ್‌ನೆಟ್ ಅನ್ನೋ ಬ್ರಿಟಿಷ್ ಕಂಪನಿಯ ಹೆಸರು, ಸಿಡಿ ಕಾಪಿ ಆಗದಂತೆ ತಡೆಯುವ ಅದರ ಎಕ್ಸ್‌ಸಿಪಿ ಅನ್ನೋ ತಂತ್ರಾಂಶ, ಮತ್ತು ತಾವೇ ಅಮೆಜಾನ್‌ನಲ್ಲಿ ಕೊಂಡಿದ್ದ ವ್ಯಾನ್ ಜ್ಯಾಂಟ್ ಸಹೋದರರ ಹಾಡಿನ ಸಿಡಿ. ಹೊರತಂದಿದ್ದು ಸೋನಿ ಬಿಎಂಜಿ. 2005ರ ಅಕ್ಟೋಬರ್ 31ರಂದು ಅವರು ಇದನ್ನೆಲ್ಲ ಬರೆದು ಪ್ರಕಟಿಸಿದರು.

ಆ ಬರಹದಲ್ಲಿ ನನ್ನನ್ನು ಇವತ್ತಿಗೂ ಕಾಡೋದು ಒಂದು ಸಣ್ಣ ಪ್ರಯೋಗ. ನೋಟ್‌ಪ್ಯಾಡ್ ಪ್ರೋಗ್ರಾಂನ ಒಂದು ಪ್ರತಿ ಮಾಡಿ, ಅದರ ಹೆಸರಿನ ಮುಂದೆ ಡಾಲರ್ ಚಿಹ್ನೆ, 'ಸಿಸ್', ಮತ್ತೆ ಡಾಲರ್ ಚಿಹ್ನೆ ಸೇರಿಸಿದರು. ಅಷ್ಟೇ. ಫೈಲು ಕಣ್ಣೆದುರಿನಿಂದ ಮಾಯ. ಡಿಸ್ಕಿನಲ್ಲಿ ಇದೆ, ಆದರೆ ವಿಂಡೋಸ್ ತೋರಿಸಲ್ಲ. ಅಂದರೆ ಸೋನಿಯ ತಂತ್ರಾಂಶ ಬಚ್ಚಿಡುತ್ತಿದ್ದುದು ತನ್ನ ಫೈಲುಗಳನ್ನಷ್ಟೇ ಅಲ್ಲ. ಆ ಹೆಸರಿನಿಂದ ಶುರುವಾಗುವ ಯಾರ ಫೈಲನ್ನಾದರೂ ಬಚ್ಚಿಡುತ್ತಿತ್ತು. ಹತ್ತೇ ದಿನದಲ್ಲಿ ಈ ಮರೆಯಲ್ಲಿ ಅಡಗಿಕೊಳ್ಳುವ ಟ್ರೋಜನ್ ಅನ್ನೋ ಬಗೆಯ ಕಳ್ಳ ಪ್ರೋಗ್ರಾಂ ಬಂತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಮೋಸ ಮಾಡೋರೂ ತಮ್ಮ ಪ್ರೋಗ್ರಾಂಗಳನ್ನು ಇದೇ ಮರೆಯಲ್ಲಿ ಇಟ್ಟುಕೊಂಡರು. ಹಾಡು ಕೇಳೋಕೆ ಅಂತ ಸಿಡಿ ಹಾಕಿದ ಮನೆಯ ಬಾಗಿಲು ಊರಿನವರಿಗೆಲ್ಲ ತೆರೆದಿತ್ತು, ಮನೆಯವರಿಗೆ ಸುಳಿವೇ ಇರಲಿಲ್ಲ.

ಇನ್ನೂ ಇದೆ. 'ಪ್ಲಗ್ ಅಂಡ್ ಪ್ಲೇ ಡಿವೈಸ್ ಮ್ಯಾನೇಜರ್' ಅಂತ ವಿಂಡೋಸ್‌ನದೇ ಅನ್ನಿಸುವ ಸುಳ್ಳು ಹೆಸರಿಟ್ಟುಕೊಂಡು ಅದರ ಒಂದು ಸರ್ವಿಸ್ ಸದಾ ಓಡುತ್ತಿತ್ತು. ಸಿಡಿ ಹಾಕಿರಲಿ ಬಿಡಲಿ, ನೀವು ತೆರೆದಿಟ್ಟ ಪ್ರೋಗ್ರಾಂಗಳನ್ನೆಲ್ಲ ಎರಡೆರಡು ಸೆಕೆಂಡಿಗೊಮ್ಮೆ ತಡಕುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹುಡುಕಿದರೆ ಅನ್‌ಇನ್‌ಸ್ಟಾಲ್ ಇಲ್ಲ. ರಸಿನೋವಿಚ್ ಕೈಯಾರೆ ಅಳಿಸಿ ಹಾಕಿದಾಗ ಅವರ ಸಿಡಿ ಡ್ರೈವೇ ವಿಂಡೋಸ್‌ಗೆ ಕಾಣದಂತಾಯಿತು. ಅವರಿಗೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ಒಳಹೊರಗು ಗೊತ್ತಿತ್ತು, ಸರಿಪಡಿಸಿಕೊಂಡರು. ಗೊತ್ತಿಲ್ಲದವರು ಏನು ಮಾಡಬೇಕಿತ್ತು? ಅಂಗಡಿಗೆ ಹೊತ್ತುಕೊಂಡು ಹೋಗಿ, ಫಾರ್ಮ್ಯಾಟ್ ಮಾಡಿಸಿ, ಅದಕ್ಕೂ ದುಡ್ಡು ತೆರಬೇಕಿತ್ತು.

ಇಷ್ಟಕ್ಕೆ ಯಾಕಿಳಿದರು ಅನ್ನೋದು ಅರ್ಥವಾಗಬೇಕಾದರೆ ಸಿಡಿಯ ಹುಟ್ಟನ್ನು ನೋಡಬೇಕು. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರ ಹೊತ್ತಿಗೆ ರೂಪಿಸಿದ ಆಡಿಯೋ ಸಿಡಿಯಲ್ಲಿ ಬೀಗ ಅನ್ನೋದೇ ಇಲ್ಲ. ಯಾವ ಕಂಪನಿಯ ಪ್ಲೇಯರಾದರೂ ಅದನ್ನು ಓದಬೇಕು, ಅದೇ ಅದರ ಗುಣ. ಮನೆಯ ಪ್ಲೇಯರಿನಲ್ಲಿ ಹಾಡಬೇಕು, ಕಂಪ್ಯೂಟರಿನಲ್ಲಿ ಮಾತ್ರ ಕಾಪಿ ಆಗಬಾರದು ಅಂದರೆ ಹೇಗೆ? ಬೀಗ ಹಾಕೋಕೆ ಸಿಡಿಯಲ್ಲಿ ಜಾಗವಿಲ್ಲ. ಹಾಗಾಗಿ ಅದನ್ನು ತಂದು ಕೊಂಡವನ ಕಂಪ್ಯೂಟರಿನಲ್ಲೇ ಹಾಕಬೇಕಾಯಿತು. ಕಂಪ್ಯೂಟರಿನ ಯಜಮಾನ ತಾನಾಗಿ ಅಂಥದ್ದನ್ನು ಇಟ್ಟುಕೊಳ್ಳಲ್ಲ, ಆದ್ದರಿಂದ ಬಚ್ಚಿಡಬೇಕಾಯಿತು. ಇದೆಲ್ಲ ಯಾರೋ ಒಬ್ಬ ಪ್ರೋಗ್ರಾಮರ್ ಕೈತಪ್ಪಿ ಮಾಡಿದ ಯಡವಟ್ಟು ಅಂತ ನಾನು ನಂಬಲ್ಲ. ಸಿಡಿಗೆ ಬೀಗ ಹಾಕಿಯೇ ತೀರಬೇಕು ಅಂತ ಹೊರಟವರು ಬಂದು ಮುಟ್ಟೋ ಜಾಗವೇ ಇದು.

ಅದಕ್ಕೂ ಮುಂಚಿನ ಬೀಗಗಳು ಎಷ್ಟು ಗಟ್ಟಿ ಇದ್ದವು ಅಂತ ಕೇಳಿ. 2002ರಲ್ಲಿ ಯುರೋಪಿನಲ್ಲಿ ಬಂದ ಸೆಲಿನ್ ಡಿಯಾನ್ ಅವರ ಸಿಡಿಯೊಂದನ್ನು ಐಮ್ಯಾಕ್‌ಗೆ ಹಾಕಿದರೆ ಕಂಪ್ಯೂಟರ್ ಕೆಟ್ಟು ನಿಲ್ಲುವ ಅಪಾಯವಿತ್ತು. ಆ ಬಗೆಯ ಬೀಗವನ್ನು ಸಿಡಿಯ ಅಂಚಿನಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಜನ ತೆಗೆದರು. 2003ರಲ್ಲಿ ಸನ್‌ಕಾಂ ಕಂಪನಿಯ ಮೀಡಿಯಾಮ್ಯಾಕ್ಸ್ ಬಂತು. ಸಿಡಿ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಸಿಡಿಯ ಪ್ರೋಗ್ರಾಂ ತಾನಾಗಿ ಓಡುವ ವಿಂಡೋಸ್‌ನ ಆಟೋರನ್ ನಡೆಯಲ್ಲ, ಬೀಗ ಬೀಳೋದೇ ಇಲ್ಲ ಅಂತ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್ ತೋರಿಸಿದರು. ಕಂಪನಿ ಅವರ ಮೇಲೆ 1 ಕೋಟಿ ಡಾಲರಿನ ದಾವೆ ಹೂಡ್ತೀವಿ ಅಂತ ಹೆದರಿಸಿತು, ಬೈಗುಳ ಬಿದ್ದ ಮೇಲೆ ಹಿಂದೆ ಸರಿಯಿತು. ನಕಲು ಮಾಡಿ ಮಾರೋರಿಗೆ ಈ ಶಿಫ್ಟ್ ಕೀ ಒಂದು ಅಡ್ಡಿಯಾ? ಒಬ್ಬ ಬೀಗ ದಾಟಿದರೆ ಸಾಕು, ಊರಿಗೆಲ್ಲ ಹಾಡು ಹಂಚಿ ಆಯಿತು. ಸಿಕ್ಕಿಬೀಳೋದು ಏನೂ ಗೊತ್ತಿಲ್ಲದೆ ಸಿಡಿ ಹಾಕಿ 'ಓಕೆ' ಒತ್ತೋ ಅಮಾಯಕರು.

ಆ 'ಓಕೆ' ಕೆಳಗಿದ್ದ ಪರವಾನಗಿ ಒಪ್ಪಂದವನ್ನು ಓದಿದರೆ ಮೈ ಉರಿಯುತ್ತೆ. ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಇಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನವರು ಅದನ್ನು ಬಿಡಿಸಿಟ್ಟಿದ್ದರು. ಮನೆಗೆ ಕಳ್ಳ ನುಗ್ಗಿ ಸಿಡಿ ಕದ್ದೊಯ್ದರೆ ಕಂಪ್ಯೂಟರಿನಲ್ಲಿರೋ ಹಾಡುಗಳನ್ನೂ ನೀವು ಅಳಿಸಬೇಕು. ದಿವಾಳಿ ಅರ್ಜಿ ಹಾಕಿದರೂ ಅಳಿಸಬೇಕು. ದೇಶ ಬಿಟ್ಟು ಹೋದರೆ ಕಂಪ್ಯೂಟರಿನಲ್ಲಿರೋ ಹಾಡುಗಳನ್ನು ಜೊತೆಗೆ ಒಯ್ಯುವಂತಿಲ್ಲ. ಇವರ ತಂತ್ರಾಂಶದಿಂದ ನಿಮಗೆ ಎಷ್ಟೇ ನಷ್ಟವಾದರೂ ಇವರ ಹೊಣೆ 5 ಡಾಲರಿಗೆ ಮುಗಿಯಿತು. ಅಕ್ಕಿ ಮೂಟೆ ಕೊಂಡವನ ಮನೆಗೆ ಅಂಗಡಿಯವನು ಆಳೊಬ್ಬನನ್ನು ಕಳಿಸಿ, ಅಟ್ಟದ ಮೇಲೆ ಅಡಗಿ ಕೂರಿಸಿ, ಯಾರ್‍ಯಾರಿಗೆ ಊಟ ಬಡಿಸ್ತಾರೆ ನೋಡ್ಕೊಂಡಿರು ಅಂದಂತೆ ಇದು. ಈ ಒಪ್ಪಂದದಲ್ಲಿ ರೂಟ್‌ಕಿಟ್ ವಿಷಯ ಒಂದಕ್ಷರ ಇರಲಿಲ್ಲ. ಮೀಡಿಯಾಮ್ಯಾಕ್ಸ್ ಅಂತೂ 'ಒಪ್ಪಲ್ಲ' ಅಂದವರ ಕಂಪ್ಯೂಟರಿಗೂ ಫೈಲುಗಳನ್ನು ಇಳಿಸುತ್ತಿತ್ತು.

ಗಲಾಟೆ ಎದ್ದ ಮೇಲಾದರೂ ಕ್ಷಮೆ ಕೇಳ್ತಾರೆ ಅಂತ ಯಾರಾದರೂ ಅಂದುಕೊಳ್ತಾರೆ. ನವೆಂಬರ್ 4ರಂದು ಸೋನಿ ಬಿಎಂಜಿಯ ಡಿಜಿಟಲ್ ವ್ಯವಹಾರದ ಮುಖ್ಯಸ್ಥ ಥಾಮಸ್ ಹೆಸ್ಸೆ ಅಮೆರಿಕದ ಎನ್‌ಪಿಆರ್ ರೇಡಿಯೋದಲ್ಲಿ ಹೇಳಿದ್ದು ಹೀಗೆ: ಬಹಳಷ್ಟು ಜನಕ್ಕೆ ರೂಟ್‌ಕಿಟ್ ಅಂದರೇನು ಅಂತಲೇ ಗೊತ್ತಿಲ್ಲ, ಅಂದಮೇಲೆ ಅವರು ಅದರ ಬಗ್ಗೆ ಯಾಕೆ ತಲೆಕೆಡಿಸಿಕೊಳ್ಳಬೇಕು? ತನ್ನ ಗಿರಾಕಿಯ ಬಗ್ಗೆ ಒಂದು ಕಂಪನಿಗೆ ಇರುವ ಭಾವನೆಯೇ ಇದಾದರೆ ಆ ಕಂಪನಿಗೆ ನನ್ನ ಒಂದು ರೂಪಾಯಿಯೂ ಹೋಗಬಾರದು. ಗೊತ್ತಿಲ್ಲದವರಿಗೆ ತಿಳಿಸಿ ಹೇಳಬೇಕಾದವರೇ, ಗೊತ್ತಿಲ್ಲದ್ದನ್ನು ತಮಗೆ ಅನುಕೂಲ ಮಾಡಿಕೊಂಡರು.

ಎಲ್ಲಕ್ಕಿಂತ ನನಗೆ ಸಿಟ್ಟು ಬರೋದು ಅದನ್ನು ತೆಗೆದುಹಾಕೋಕೆ ಕೊಟ್ಟ ದಾರಿಯ ಬಗ್ಗೆ. ಮೊದಲು ಬಂದ ಪ್ಯಾಚ್ ಮರೆಯನ್ನಷ್ಟೇ ತೆಗೆಯಿತು, ತಂತ್ರಾಂಶ ಅಲ್ಲೇ ಉಳಿಯಿತು. ಪೂರ್ತಿ ತೆಗೀಬೇಕಾ? ಹಾಗಾದರೆ ಜಾಲತಾಣದಲ್ಲಿ ಅರ್ಜಿ ತುಂಬಿ, ಇಮೇಲ್ ವಿಳಾಸ ಕೊಡಿ, ಉತ್ತರಕ್ಕೆ ಕಾಯಿರಿ, ಮತ್ತೊಂದು ಪುಟಕ್ಕೆ ಹೋಗಿ. ಕದ್ದು ಒಳಬರೋಕೆ ಒಂದು ಕ್ಲಿಕ್ ಸಾಕಾಗಿತ್ತು, ಹೊರಗೆ ಹಾಕೋಕೆ ಇಷ್ಟೆಲ್ಲ. ಇದನ್ನೂ ಸಹಿಸಿಕೊಂಡು ಕೊನೆವರೆಗೆ ಹೋದವರಿಗೆ ಏನಾಯಿತು ಗೊತ್ತಾ? ಆ ಅನ್‌ಇನ್‌ಸ್ಟಾಲರ್ ಕಂಪ್ಯೂಟರಿನಲ್ಲಿ ಆಕ್ಟಿವ್‌ಎಕ್ಸ್ ಅನ್ನೋ, ಬ್ರೌಸರಿನೊಳಗಿಂದ ಓಡುವ ಭಾಗವೊಂದನ್ನು ಬಿಟ್ಟುಹೋಗುತ್ತಿತ್ತು. ಆಮೇಲೆ ನೀವು ನೋಡುವ ಯಾವ ಜಾಲತಾಣ ಬೇಕಾದರೂ ಅದರ ಮೂಲಕ ತನ್ನ ಪ್ರೋಗ್ರಾಂ ಇಳಿಸಿ ಓಡಿಸಬಹುದಿತ್ತು. ಮಾಟಿ ನಿಕ್ಕಿ ಅನ್ನೋ ಫಿನ್ಲೆಂಡಿನ ಸಂಶೋಧಕ ಮತ್ತು ಪ್ರಿನ್ಸ್‌ಟನ್‌ನ ಎಡ್ ಫೆಲ್ಟನ್, ಹಾಲ್ಡರ್‌ಮನ್ ಇದನ್ನು ಬಯಲಿಗೆ ತಂದರು. ರೋಗಕ್ಕಿಂತ ಔಷಧಿಯೇ ಅಪಾಯಕಾರಿ ಆಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಉಂಟು. ಹಕ್ಕುಸ್ವಾಮ್ಯ ಕಾಪಾಡೋಕೆ ಅಂತ ಬಂದ ಎಕ್ಸ್‌ಸಿಪಿ ಒಳಗೆ ಲೇಮ್ ಅನ್ನೋ ಮುಕ್ತ ತಂತ್ರಾಂಶದ ಕೋಡ್ ಪತ್ತೆಯಾಯಿತು, ಅದರ ಪರವಾನಗಿ ಷರತ್ತುಗಳನ್ನು ಪಾಲಿಸಿರಲಿಲ್ಲ.

ಕಲಾವಿದರ ಹೆಸರು ಹೇಳಿ ಇದನ್ನೆಲ್ಲ ಮಾಡಿದರು. ಕಲಾವಿದರನ್ನು ಕೇಳಿದ್ದರಾ? ಸ್ವಿಚ್‌ಫುಟ್ ಸಂಗೀತ ತಂಡದ ಟಿಮ್ ಫೋರ್‌ಮನ್, ಬೀಗ ದಾಟಿ ಹಾಡುಗಳನ್ನು ಹೊರಗೆ ತೆಗೆಯೋದು ಹೇಗೆ ಅಂತ ಅಭಿಮಾನಿಗಳಿಗೆ ತಾವೇ ಬರೆದು ತಿಳಿಸಿದರು. ತಮ್ಮ ಹಾಡನ್ನು ದುಡ್ಡು ಕೊಟ್ಟು ಕೊಂಡ ಅಭಿಮಾನಿಗೆ ಅದನ್ನು ಐಪಾಡ್‌ಗೆ ಹಾಕಿಕೊಳ್ಳೋಕೆ ಆಗ್ತಿಲ್ಲ ಅನ್ನೋ ಸಂಕಟ ಅದು. ಎಕ್ಸ್‌ಸಿಪಿ ಇದ್ದ ಸಿಡಿಗಳ ಪಟ್ಟಿಯಲ್ಲಿ ಡೆಕ್ಸ್ಟರ್ ಗಾರ್ಡನ್, ಆರ್ಟ್ ಬ್ಲೇಕಿಯಂಥ ಹಳೆಯ ಜ್ಯಾಜ್ ದಿಗ್ಗಜರ ಮರುಮುದ್ರಣಗಳೂ ಇದ್ದವು. ಅವನ್ನು ಕೊಳ್ಳೋರು ಯಾರು? ದಶಕಗಳ ಹಿಂದಿನ ಸಂಗೀತವನ್ನು ಇನ್ನೂ ಪ್ರೀತಿಸುವವರು.

ನನ್ನ ಮನೆಯ ಮಾತು ಹೇಳ್ತೀನಿ. ಅಪ್ಪನಿಗೆ ದಾಸರ ಪದ ಕೇಳದೆ ಬೆಳಗಾಗಲ್ಲ. ಬೆರಳು ನಡುಗುತ್ತೆ, ಸಿಡಿಯನ್ನು ಟ್ರೇನಲ್ಲಿ ಇಡೋಕಾಗಲ್ಲ. ಅದಕ್ಕೆ ನಾನು ಕೊಂಡ ಸಿಡಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ, ಹಾಡುಗಳಿಗೆ ಕನ್ನಡದಲ್ಲೇ ಹೆಸರು ಕೊಟ್ಟು, ಪೆನ್ ಡ್ರೈವಿಗೆ ತುಂಬಿಕೊಟ್ಟಿದ್ದೀನಿ. ಅವರು ಸಣ್ಣ ಸ್ಪೀಕರಿಗೆ ಸಿಕ್ಕಿಸಿ, ಒಂದು ಗುಂಡಿ ಒತ್ತಿ ಕೇಳ್ತಾರೆ. ಇದರಲ್ಲಿ ಯಾರ ಅನ್ನವನ್ನು ನಾನು ಕಸಿದೆ? ಸಿಡಿಯ ಬೆಲೆ ಹೋಗಬೇಕಾದಲ್ಲಿಗೆ ಹೋಗಿದೆ. ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಒಂದೇ ಡಿಸ್ಕಿನಲ್ಲಿ ನೂರಾರು ಹಾಡು ತುಂಬಿ ಮಾರುತ್ತಿದ್ದ ಕಾಲದಲ್ಲಿ ನಮ್ಮ ಕ್ಯಾಸೆಟ್, ಸಿಡಿ ಉದ್ಯಮ ಪಟ್ಟ ಪಾಡು ನನಗೂ ಗೊತ್ತು, ಪೈರಸಿಯನ್ನು ನಾನು ಸಮರ್ಥಿಸಲ್ಲ. ಆದರೆ ಅಪ್ಪನ ಪೆನ್ ಡ್ರೈವನ್ನೂ ಆ ಫುಟ್‌ಪಾತ್ ಡಿಸ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಅನ್ಯಾಯ.

ಈ ವಿಷಯ ಹೊರಬರೋಕೆ ಆದ ತಡವೂ ಯೋಚನೆ ಮಾಡುವಂಥದ್ದು. ಎಫ್-ಸೆಕ್ಯೂರ್ ಅನ್ನೋ ಆಂಟಿವೈರಸ್ ಕಂಪನಿ ಅಕ್ಟೋಬರ್ ಮೊದಲ ವಾರದಲ್ಲೇ ಸೋನಿ ಬಿಎಂಜಿಗೆ ಎಚ್ಚರಿಕೆ ಕೊಟ್ಟಿತ್ತು. ಕೊಂಡವರಿಗೆ ಮಾತ್ರ ಆ ತಿಂಗಳ ಕೊನೆಯವರೆಗೂ ಯಾರೂ ಹೇಳಲಿಲ್ಲ. ಫೆಲ್ಟನ್, ಹಾಲ್ಡರ್‌ಮನ್ ಅವರಿಗೂ ಈ ತಂತ್ರಾಂಶದ ತೊಂದರೆಗಳು ಮುಂಚೆಯೇ ಗೊತ್ತಾಗಿದ್ದವು. ಬೀಗ ಬಿಚ್ಚಿ ನೋಡೋದೇ ಅಪರಾಧ ಆಗಬಹುದಾದ ಅಮೆರಿಕದ ಡಿಎಂಸಿಎ ಕಾನೂನಿಗೆ ಹೆದರಿ ವಕೀಲರ ಜೊತೆ ಸಮಾಲೋಚನೆ ಮಾಡುತ್ತಾ ಕೂರಬೇಕಾಯಿತು. ಅಷ್ಟು ದಿನವೂ ಆ ಸಿಡಿಗಳು ಅಂಗಡಿಯಲ್ಲಿ ಮಾರಾಟವಾಗ್ತಾನೇ ಇದ್ದವು.

ಕೊನೆಗೆ ನವೆಂಬರ್ ಮಧ್ಯದಲ್ಲಿ ಸಿಡಿಗಳನ್ನು ವಾಪಸ್ ಕರೆಸಿಕೊಂಡರು. ಎಕ್ಸ್‌ಸಿಪಿ ಇದ್ದ ಆಲ್ಬಂ 52, ಅಂಗಡಿಗೆ ಕಳಿಸಿದ್ದು ಸುಮಾರು 47 ಲಕ್ಷ, ಆಗಲೇ ಮಾರಾಟವಾಗಿದ್ದು ಸುಮಾರು 21 ಲಕ್ಷ. ಟೆಕ್ಸಾಸ್ ರಾಜ್ಯ ಕೇಸು ಹಾಕಿತು, ಗ್ರಾಹಕರೂ ಹಾಕಿದರು. 2006ರ ರಾಜಿಯಲ್ಲಿ ಕೊಂಡವರಿಗೆ ಬೀಗವಿಲ್ಲದ ಸಿಡಿ, ಜೊತೆಗೆ ಏಳೂವರೆ ಡಾಲರ್ ಮತ್ತು ಒಂದು ಆಲ್ಬಂ ಡೌನ್‌ಲೋಡ್, ದುಡ್ಡು ಬೇಡ ಅಂದರೆ ಮೂರು ಆಲ್ಬಂ. 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ರಾಜಿಯಲ್ಲಿ ಕಂಪ್ಯೂಟರ್ ರಿಪೇರಿಗೆ 150 ಡಾಲರ್‌ವರೆಗೆ ಕೊಡಬೇಕಾಯಿತು. ಒಬ್ಬ ಹುಡುಗ ಇದೇ ರೀತಿ ಲಕ್ಷಾಂತರ ಕಂಪ್ಯೂಟರಿಗೆ ರೂಟ್‌ಕಿಟ್ ಹಾಕಿದ್ದರೆ ಜೈಲಿನಲ್ಲಿ ಇರ್ತಿದ್ದ. ಇಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ.

ನಮ್ಮಲ್ಲೂ ಕಾನೂನಿದೆ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಸೆಕ್ಷನ್ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು. ಉದ್ದೇಶ ಅನ್ನೋ ಮಾತು ಅಲ್ಲಿರೋದು ನಮ್ಮ ಪುಣ್ಯ, ಸಂಶೋಧಕರಿಗೂ ಸಾಮಾನ್ಯರಿಗೂ ಅಷ್ಟು ಉಸಿರಾಡೋ ಜಾಗವಿದೆ. ಆದರೆ ಬೀಗ ಹಾಕುವವನು ಏನು ಮಾಡಬಾರದು ಅನ್ನೋದರ ಬಗ್ಗೆ ಆ ಸೆಕ್ಷನ್ ಸುಮ್ಮನಿದೆ. ಈಗ ಸಿಡಿ ಹೋಗಿ ಆ್ಯಪ್ ಬಂದಿದೆ. ಚಂದಾ ನಿಲ್ಲಿಸಿದ ದಿನ ಡೌನ್‌ಲೋಡ್ ಮಾಡಿಟ್ಟ ಹಾಡೂ ಬಾಯಿ ಮುಚ್ಚುತ್ತೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ, ದುಡ್ಡು ವಾಪಸ್ ಕೊಟ್ಟರು ನಿಜ, ಆದರೆ ಜನ ಕೊಂಡಿದ್ದ ಪುಸ್ತಕಗಳು ಅವರ ಕಪಾಟಿನಿಂದಲೇ ಹೋದವು.

ನನ್ನ ಬೇಡಿಕೆ ದೊಡ್ಡದೇನಲ್ಲ. ಹಾಡಾಗಲಿ ಪುಸ್ತಕವಾಗಲಿ, ದುಡ್ಡು ತಗೊಳ್ಳೋ ಮುಂಚೆಯೇ ಹೇಳಬೇಕು: ಇದು ಸ್ವಂತಕ್ಕೋ ಬಾಡಿಗೆಗೋ, ನನ್ನ ಫೋನಿಗೆ, ಕಂಪ್ಯೂಟರಿಗೆ ಏನು ಇಳಿಸುತ್ತೆ, ಅದನ್ನು ತೆಗೆಯೋದು ಹೇಗೆ. ಓದಿ ಬೇಡ ಅನ್ನಿಸಿದರೆ, ಪ್ಯಾಕೆಟ್ ಒಡೆದಿದ್ದೀರಿ ಅಂತ ನೆಪ ಹೇಳದೆ ಪೂರ್ತಿ ದುಡ್ಡು ವಾಪಸ್ ಕೊಡಬೇಕು.